ಪ್ರಶ್ನೆ ನಿಮ್ಮದು: ರಕ್ತದ ಬೀಜ ತಟ್ಟೆಯಲ್ಲಿ ಬೆಳೆಯುತ್ತಾ?

ಹೋದ ಸಂಚಿಕೇಲಿ ಬೋನ್ ಮ್ಯಾರೋ ಕಸಿ ಬಗ್ಗೆ ಬರೀತಾ ಕೊನೇಲಿ ಒಂದು ಸಾಲು ಸೇರಿಸಿದ್ದೆ, "ರಕ್ತದ ಸ್ಟೆಮ್ ಸೆಲ್‌ಗಳನ್ನ ಲ್ಯಾಬ್‌ನಲ್ಲೇ ಬೆಳೆಸೋ ಕೆಲಸಾನೂ ನಡೀತಿದೆ, ಅದನ್ನ ಇನ್ನೊಂದ್ಸಲ ನೋಡೋಣ" ಅಂತ. ಆ ಒಂದು ಸಾಲಿಗೆ ಬಂದಷ್ಟು ಪ್ರಶ್ನೆ ಇಡೀ ಲೇಖನಕ್ಕೆ ಬಂದಿಲ್ಲ. ಸಂಪಾದಕರು ಎಲ್ಲಾ ಒಟ್ಟು ಮಾಡಿ ಕಳ್ಸಿ "ಇನ್ನೊಂದ್ಸಲ ಅಂದ್ರೆ ಈಗ್ಲೇ" ಅಂದ್ಬಿಟ್ರು. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಹೆಸರು ಯಾರದ್ದೂ ಹಾಕಿಲ್ಲ. ಮೊದ್ಲೇ ಹೇಳ್ಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಈ ಸೆಲ್‌ಗಳ ಜೊತೆ ಲ್ಯಾಬ್‌ನಲ್ಲಿ ಕೆಲವು ವರ್ಷ ಒದ್ದಾಡಿದವನು ಅಷ್ಟೇ, ಟ್ರೀಟ್‌ಮೆಂಟ್ ವಿಷಯಕ್ಕೆ ನಿಮ್ಮ ಡಾಕ್ಟರ್ ಹೇಳಿದ್ದೇ ಫೈನಲ್.

ಪ್ರಶ್ನೆ: ಎಲ್ಲರೂ ಸ್ಟೆಮ್ ಸೆಲ್ ಸ್ಟೆಮ್ ಸೆಲ್ ಅಂತಾರೆ, ರಕ್ತದಲ್ಲಿರೋ ಬೇರೆ ಸೆಲ್‌ಗೂ ಇದಕ್ಕೂ ಏನು ಫರಕು? ಪಾಠದ ಭಾಷೆ ಬೇಡ ಸಾರ್.

ಉತ್ತರ: ನೀವು ಈ ಸಾಲು ಓದಿ ಮುಗಿಸೋ ಹೊತ್ತಿಗೆ ನಿಮ್ಮ ಮೈಯಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ಹೊಸ ಕೆಂಪು ರಕ್ತಕಣ ಹುಟ್ಟಿರತ್ತೆ. ಬಡಾಯಿ ಅಲ್ಲ, ಸೆಕೆಂಡಿಗೆ ಸುಮಾರು 20 ಲಕ್ಷದ ಲೆಕ್ಕ. ಯಾಕೆ ಅಷ್ಟೊಂದು ಅಂದ್ರೆ ಅಷ್ಟೇ ಸಾಯ್ತಾನೂ ಇರತ್ತೆ, ಕೆಂಪು ಕಣದ ಆಯಸ್ಸು ಸುಮಾರು 120 ದಿನ, ಪ್ಲೇಟ್‌ಲೆಟ್‌ದು ವಾರ ಹತ್ತು ದಿನ, ಕೆಲವು ಬಿಳಿಕಣಗಳದ್ದು ಅದಕ್ಕಿಂತ ಎಷ್ಟೋ ಕಮ್ಮಿ. ಕೆಂಪು ಕಣಕ್ಕಂತೂ ನ್ಯೂಕ್ಲಿಯಸ್ಸೇ ಇಲ್ಲ, ಅದು ಒಡೆದು ಇನ್ನೊಂದನ್ನ ಹುಟ್ಟಿಸೋ ಮಾತೇ ಇಲ್ಲ. ಹಾಗಾದ್ರೆ ಇವೆಲ್ಲ ಎಲ್ಲಿಂದ ಬರ್ತಾವೆ? ಮೂಳೆ ಒಳಗಿನ ಮಜ್ಜೆಯಲ್ಲಿ ಕೂತಿರೋ ಒಂದು ಸಣ್ಣ ಗುಂಪಿನಿಂದ, ಅದೇ ರಕ್ತದ ಸ್ಟೆಮ್ ಸೆಲ್, ಪುಸ್ತಕದಲ್ಲಿ ಆಕರಕೋಶ ಅಂತಲೋ ಕಾಂಡಕೋಶ ಅಂತಲೋ ಓದಿರ್ತೀರ.

ಇದಕ್ಕೆ ಎರಡು ವಿದ್ಯೆ ಗೊತ್ತು. ಒಂದು, ಯಾವ ಥರದ ರಕ್ತಕಣ ಬೇಕಾದ್ರೂ ಆಗಬಲ್ಲದು. ಎರಡು, ಏನೂ ಆಗದೆ ತನ್ನಂಥದ್ದೇ ಇನ್ನೊಂದನ್ನ ಹುಟ್ಟಿಸಿ ಸುಮ್ನೆ ಇರಬಲ್ಲದು. ಈ ಎರಡನೇ ವಿದ್ಯೆ ನೆನಪಲ್ಲಿ ಇಟ್ಕೊಳ್ಳಿ, ಇವತ್ತಿನ ಕಥೆ ಪೂರ್ತಿ ಅದರ ಸುತ್ತಾನೇ ಸುತ್ತೋದು. ದೊಡ್ಡವರಲ್ಲಿ ರಕ್ತ ತಯಾರಿಸೋಕೆ ದುಡೀತಿರೋ ಇಂಥ ಸೆಲ್‌ಗಳು 50 ಸಾವಿರದಿಂದ 2 ಲಕ್ಷದವರೆಗೆ ಇರಬಹುದು ಅಂತ ಒಂದು ಅಂದಾಜಿದೆ, ಕೋಟಿ ಕೋಟಿ ಸೆಲ್‌ಗಳಿರೋ ಮೈಯಲ್ಲಿ ಇದು ಏನೇನೂ ಅಲ್ಲ.

ಇಂಥದ್ದೊಂದು ಇದೆ ಅಂತ ಗಟ್ಟಿ ಸಾಕ್ಷಿ ಸಿಕ್ಕಿದ್ದು 1961ರಲ್ಲಿ, ಕೆನಡಾದ ಟೊರಾಂಟೋದಲ್ಲಿ. ಜೇಮ್ಸ್ ಟಿಲ್ ಅನ್ನೋ ಬಯೋಫಿಸಿಸಿಸ್ಟ್, ಅರ್ನೆಸ್ಟ್ ಮೆಕಲಕ್ ಅನ್ನೋ ಡಾಕ್ಟರ್, ಇಬ್ಬರೂ ಸೇರಿ ರೇಡಿಯೇಷನ್ ಕೊಟ್ಟು ಮಜ್ಜೆ ಸುಟ್ಟಿದ್ದ ಇಲಿಗಳಿಗೆ ಬೇರೆ ಇಲಿಯ ಮಜ್ಜೆ ಚುಚ್ಚಿದ್ರು, ಹತ್ತು ದಿನ ಬಿಟ್ಟು ಗುಲ್ಮ ಅಂದ್ರೆ ಸ್ಪ್ಲೀನ್ ತೆಗೆದು ನೋಡಿದ್ರೆ ಅದರ ಮೇಲೆಲ್ಲ ಗಂಟು ಗಂಟು. ಎಷ್ಟು ಸೆಲ್ ಹಾಕಿದ್ರೋ ಅದಕ್ಕೆ ತಕ್ಕಷ್ಟು ಗಂಟು. ಒಂದೊಂದು ಗಂಟೂ ಒಂದೇ ಒಂದು ಸೆಲ್‌ನಿಂದ ಎದ್ದದ್ದು ಅಂತ ಆಮೇಲೆ ಪ್ರೂವ್ ಆಯ್ತು. ಆ ಗಂಟು ಕಟ್ಟಿದ ಸೆಲ್‌ಗಳಲ್ಲಿ ಬಹುಪಾಲು ಅಸಲಿ ಸ್ಟೆಮ್ ಸೆಲ್ ಅಲ್ಲ, ಅದರ ಮಕ್ಕಳೋ ಮೊಮ್ಮಕ್ಕಳೋ ಅಂತ ಎಷ್ಟೋ ವರ್ಷ ಕಳೆದ ಮೇಲೆ ಗೊತ್ತಾಯ್ತು, ಅದು ಬೇರೆ ವಿಷಯ. ಈ ಫೀಲ್ಡ್‌ನಲ್ಲಿ ಮೊಮ್ಮಕ್ಕಳನ್ನ ನೋಡಿ ಅಜ್ಜಿ ಅಂದ್ಕೊಂಡು ಮೋಸ ಹೋಗಿರೋದು ಇದೊಂದೇ ಸಲ ಅಲ್ಲ ಬಿಡಿ, ನಾನೂ ಹೋಗಿದೀನಿ.

ಪ್ರಶ್ನೆ: ಮೈಯೊಳಗೆ ಜೀವಮಾನ ಇಡೀ ಬದುಕೋ ಸೆಲ್ ಲ್ಯಾಬ್‌ನಲ್ಲಿ ಯಾಕೆ ಬೆಳೆಯಲ್ಲ? ಚರ್ಮದ ಸೆಲ್ ಬೆಳೆಸ್ತಾರೆ, ಕ್ಯಾನ್ಸರ್ ಸೆಲ್ ಬೆಳೆಸ್ತಾರೆ, ಇದಕ್ಕೇನು ಬಂತು?

ಉತ್ತರ: ಬೆಳೆಯಲ್ಲ ಅಂತ ಯಾರು ಹೇಳಿದ್ದು, ಚೆನ್ನಾಗೇ ಬೆಳೆಯತ್ತೆ, ಅದೇ ತಲೆನೋವು.

ನನ್ನ ಮೊದಲನೇ ವರ್ಷದ ಅನುಭವ ಹೇಳ್ತೀನಿ. ಹೊಕ್ಕುಳಬಳ್ಳಿ ರಕ್ತದಿಂದ ಸ್ಟೆಮ್ ಸೆಲ್ ಜಾಸ್ತಿ ಇರೋ ಭಾಗಾನ ಬೇರೆ ಮಾಡಿ, ಗುಲಾಬಿ ಬಣ್ಣದ ಮೀಡಿಯಾ, ಅಂದ್ರೆ ಸೆಲ್‌ಗೆ ಊಟದ ದ್ರವ ಹಾಕಿ, ಬೆಳವಣಿಗೆಗೆ ಬೇಕಾದ ಪ್ರೋಟೀನ್ ಎಲ್ಲ ಬೆರೆಸಿ, 37 ಡಿಗ್ರಿ ಇನ್‌ಕ್ಯುಬೇಟರ್‌ನಲ್ಲಿ ಇಟ್ಟೆ. ಮೊದಲೆರಡು ದಿನ ತಟ್ಟೆ ತಳದಲ್ಲಿ ಅಲ್ಲೊಂದು ಇಲ್ಲೊಂದು ದುಂಡಗೆ ಹೊಳೀತಿದ್ದ ಚುಕ್ಕಿ. ನಾಲ್ಕನೇ ದಿನ ಜೋಡಿ ಜೋಡಿ. ವಾರದ ಹೊತ್ತಿಗೆ ಮೈಕ್ರೋಸ್ಕೋಪಲ್ಲಿ ಕಣ್ಣಿಟ್ರೆ ಖಾಲಿ ಜಾಗಾನೇ ಇಲ್ಲ, ಮೀಡಿಯಾ ಹಳದಿಗೆ ತಿರುಗ್ತಾ ಇದೆ, ಅಂದ್ರೆ ಸೆಲ್‌ಗಳು ತಿಂದು ತೇಗಿ ಆಸಿಡ್ ಬಿಡ್ತಿದಾವೆ ಅಂತ ಅರ್ಥ. ಹತ್ತನೇ ದಿನ ಎಣಿಸಿದ್ರೆ ನೂರು ಪಟ್ಟು! ನಾನು ಕುಣಿದಾಡಿಬಿಟ್ಟೆ. ನಮ್ಮ ಸೀನಿಯರ್ ಒಬ್ಬರು ತಟ್ಟೆ ಕಡೆ ನೋಡ್ದೇನೇ "ಇಲಿಗೆ ಹಾಕು" ಅಂದ್ರು ಅಷ್ಟೇ. ಹಾಕಿದ್ವಿ, ಅಸಲಿ ಸ್ಟೆಮ್ ಸೆಲ್ ಆಗಿದ್ರೆ ಇಲಿಯ ಮಜ್ಜೆಯಲ್ಲಿ ಕೂತು ತಿಂಗಳುಗಟ್ಟಲೆ ರಕ್ತ ಮಾಡ್ಬೇಕು. ನಾಲ್ಕು ತಿಂಗಳು ಕಾದು ಇಲಿಯ ಮಜ್ಜೆ ತೆಗೆದು ಮೆಷಿನ್‌ಗೆ ಕೊಟ್ರೆ ಮನುಷ್ಯನ ಸೆಲ್ ಇರಬೇಕಾದ ಜಾಗದಲ್ಲಿ ಸ್ಕ್ರೀನ್ ಖಾಲಿ. ಒಂದು ನಾಲ್ಕು ಚುಕ್ಕಿ, ಅದೂ ಧೂಳಿರಬೇಕು.

ಏನಾಗಿತ್ತು ಅಂದ್ರೆ ಆ ನೂರು ಪಟ್ಟು ಎಲ್ಲಾ ಮಕ್ಕಳು ಮೊಮ್ಮಕ್ಕಳು, ಅಜ್ಜಿ ಒಂದೂ ಉಳಿದಿರಲಿಲ್ಲ. ಬಿತ್ತನೆಗೆ ಅಂತ ಇಟ್ಟಿದ್ದ ಕಾಳೆಲ್ಲ ಒಂದೇ ಸಲ ಮೊಳಕೆ ಒಡೆದು ಬಿಟ್ರೆ ಮುಂದಿನ ವರ್ಷಕ್ಕೆ ಏನಿರತ್ತೆ, ಹಾಗೆ. ಮಜ್ಜೆ ಒಳಗೆ ಈ ಸೆಲ್ ಬಹುಪಾಲು ಸಮಯ ನಿದ್ದೆ ಮಾಡ್ತಿರತ್ತೆ, ಅಲ್ಲಿ ಆಕ್ಸಿಜನ್ ಕಮ್ಮಿ, ಸುತ್ತ ಇರೋ ರಕ್ತನಾಳದ ಗೋಡೆ ಸೆಲ್‌ಗಳು, ಮಜ್ಜೆಯ ಬೇರೆ ಸೆಲ್‌ಗಳು ಎಲ್ಲಾ ಸೇರಿ "ಮಲಗಿರು, ಇಲ್ಲೇ ಇರು" ಅಂತ ಸಿಗ್ನಲ್ ಕೊಡ್ತಾನೇ ಇರ್ತಾವೆ. ಈ ಗೂಡಿಗೆ ನಿಷ್ ಅಂತಾರೆ. ಗೂಡಿಂದ ಕಿತ್ತು ಪ್ಲಾಸ್ಟಿಕ್ ತಟ್ಟೆಗೆ ಹಾಕಿ ಮೇಲಿಂದ ಬೆಳವಣಿಗೆ ಪ್ರೋಟೀನ್ ಸುರಿದ್ರೆ ಅದಕ್ಕೆ ಕೇಳ್ಸೋದು ಒಂದೇ ಮಾತು, ಎದ್ದೇಳು, ರಕ್ತ ಕಮ್ಮಿಯಾಗಿದೆ, ಬೇಗ ಬೇಗ ಕೆಲಸ ಶುರು ಮಾಡು. ಪಾಪ ಅದು ಹೇಳಿದ್ದನ್ನೇ ಮಾಡ್ತು.

ಹಾಗಾಗಿ ಯಾರಾದ್ರೂ "ಇಷ್ಟು ಪಟ್ಟು ಬೆಳೆಸಿದ್ವಿ" ಅಂದ್ರೆ ನನ್ನ ಮೊದಲ ಪ್ರಶ್ನೆ ಯಾವಾಗ್ಲೂ ಇದೇ, ಇಲಿಯಲ್ಲಿ ಎಷ್ಟು ದಿನ ಉಳೀತು? ಆ ಇಲಿಯಿಂದ ತೆಗೆದು ಇನ್ನೊಂದು ಇಲಿಗೆ ಹಾಕಿದ್ರೂ ಉಳೀತಾ? ಸಿಡಿ34 ಅಂತ ಸೆಲ್ ಮೇಲೆ ಒಂದು ಗುರುತು ಇರತ್ತೆ, ಸ್ಟೆಮ್ ಸೆಲ್ ಹುಡುಕೋಕೆ ಎಲ್ಲರೂ ಅದನ್ನೇ ಬಳಸೋದು, ಆದ್ರೆ ಆ ಗುರುತು ಮಕ್ಕಳ ಮೇಲೂ ಇರತ್ತೆ, ಅಂಗಿ ನೋಡಿ ಆಸಾಮಿ ಯಾರು ಅಂತ ಹೇಳಕ್ಕಾಗಲ್ಲ.

ಪ್ರಶ್ನೆ: ಹಾಗಾದ್ರೆ ದಾರಿ ಸಿಕ್ಕಿದೆಯಾ ಇಲ್ವಾ?

ಉತ್ತರ: ಸಿಕ್ಕಿದೆ, ಒಂದೇ ಸಲಕ್ಕೆ ಅಲ್ಲ, ತುಂಡು ತುಂಡಾಗಿ. 2010ರಲ್ಲಿ ಎಸ್‌ಆರ್1 ಅನ್ನೋ ಸಣ್ಣ ರಾಸಾಯನಿಕ ಬಂತು, ಸಾವಿರಾರು ರಾಸಾಯನಿಕಗಳನ್ನ ಒಂದೊಂದಾಗಿ ಸೆಲ್ ಮೇಲೆ ಹಾಕಿ ನೋಡಿ ಹಿಡಿದದ್ದು. 2014ರಲ್ಲಿ ಮಾಂಟ್ರಿಯಲ್‌ನ ಗೀ ಸೊವಾಜೋ ತಂಡದವರು ಯುಎಂ171 ಅನ್ನೋದನ್ನ ಹೊರಗೆ ತಂದ್ರು, ಇದು ಸೆಲ್‌ನ "ಏನೋ ಒಂದು ಆಗ್ಬಿಡು" ಅನ್ನೋ ಒತ್ತಡಾನ ತಡೆ ಹಿಡಿಯತ್ತೆ, ನನ್ನ ಪ್ರಕಾರ ಈ ಕ್ಷೇತ್ರದಲ್ಲಿ ನಿಜವಾದ ತಿರುವು ಅಂದ್ರೆ ಇದೇ.

ಆಮೇಲಿಂದು ಸ್ವಲ್ಪ ತಮಾಷೆಯಾಗಿದೆ. ಕಲ್ಚರ್ ಮೀಡಿಯಾಗೆ ಎಲ್ಲರೂ ಆಲ್ಬುಮಿನ್ ಹಾಕ್ತಿದ್ರು, ರಕ್ತದ ಸೀರಮ್‌ನಲ್ಲಿರೋ ಪ್ರೋಟೀನ್. ಅದಿಲ್ದೆ ಸೆಲ್ ಬದುಕಲ್ಲ ಅಂತ ನಂಬಿಕೆ, ಯಾರೂ ಪ್ರಶ್ನೆ ಮಾಡಿರಲಿಲ್ಲ. ಆದ್ರೆ ಆಲ್ಬುಮಿನ್ ಜೊತೆ ಕೊಳೆನೂ ಬರ್ತಿತ್ತು, ಬ್ಯಾಚಿಂದ ಬ್ಯಾಚಿಗೆ ರಿಸಲ್ಟ್ ಬೇರೆ, ಒಂದು ಬಾಟ್ಲು ಖಾಲಿಯಾಗಿ ಇನ್ನೊಂದು ತೆಗೆದ ದಿನ ಎಕ್ಸ್‌ಪೆರಿಮೆಂಟ್ ಕೆಟ್ಟಿತು ಅಂತ ತಲೆ ಚಚ್ಚಿಕೊಳ್ಳದವರು ಈ ಕೆಲಸದಲ್ಲಿ ಯಾರೂ ಇಲ್ಲ. 2019ರಲ್ಲಿ ಆಡಂ ವಿಲ್ಕಿನ್ಸನ್, ಹಿರೊಮಿತ್ಸು ನಕಾಉಚಿ, ಸತೋಶಿ ಯಮಾಝಾಕಿ ಇವರೆಲ್ಲ ಸೇರಿ ಆ ಆಲ್ಬುಮಿನ್ ಬದಲು ಪಾಲಿವಿನೈಲ್ ಆಲ್ಕೋಹಾಲ್ ಹಾಕಿದ್ರು, ಏನು ಗೊತ್ತಾ ಅದು, ಅಂಟಿನಲ್ಲಿ ಬಳಸೋ ಪದಾರ್ಥ! ಇಲಿಯ ಸ್ಟೆಮ್ ಸೆಲ್ ಒಂದು ತಿಂಗಳಲ್ಲಿ 236ರಿಂದ 899 ಪಟ್ಟು ಬೆಳೀತು, ಇಲಿಗೆ ಹಾಕಿದ್ರೆ ಉಳೀತು ಕೂಡ. ಅದೇ ಮೀಡಿಯಾ ಮನುಷ್ಯನ ಸೆಲ್‌ಗೆ ಅಷ್ಟು ಒಗ್ಗಲಿಲ್ಲ, ಮನುಷ್ಯನದ್ದು ಯಾವಾಗ್ಲೂ ಮೊಂಡು. ಅದಕ್ಕೆ 2023ರಲ್ಲಿ ಬೇರೆ ಪಾಲಿಮರ್ ಹಾಕಿ, ಬೆಳವಣಿಗೆ ಪ್ರೋಟೀನ್‌ಗಳನ್ನೇ ಪೂರ್ತಿ ತೆಗೆದು ಅವುಗಳ ಜಾಗಕ್ಕೆ ಸಣ್ಣ ರಾಸಾಯನಿಕ ಇಟ್ಟು, ಜೊತೆಗೆ ಯುಎಂ171 ಸೇರಿಸಿ ಮನುಷ್ಯನ ಸೆಲ್‌ಗಳನ್ನೂ ಒಂದು ತಿಂಗಳ ತನಕ ಬೆಳೆಸಿದ್ರು. ನಾವು ವರ್ಷಗಟ್ಟಲೆ "ಇನ್ನೂ ಏನು ಸೇರಿಸ್ಬೇಕು" ಅಂತ ಯೋಚಿಸ್ತಿದ್ವಿ, ಇವರು ಏನು ತೆಗೀಬೇಕು ಅಂತ ನೋಡಿದ್ರು. ಸಿಟ್ಟು ಬಂತಾ ಅಂದ್ರೆ ಹೂಂ, ಸ್ವಲ್ಪ ಬಂತು.

ಪ್ರಶ್ನೆ: ಇಲಿ ಕಥೆ ಸಾಕು. ಒಬ್ಬ ಪೇಶೆಂಟ್‌ಗಾದ್ರೂ ಉಪಯೋಗ ಆಗಿದ್ಯಾ?

ಉತ್ತರ: ಆಗಿದೆ. ಹಿನ್ನೆಲೆ ಸ್ವಲ್ಪ ಹೇಳ್ಬೇಕು. ಹೊಕ್ಕುಳಬಳ್ಳಿ ರಕ್ತದಿಂದ ಮೊದಲ ಕಸಿ ಮಾಡಿದ್ದು 1988ರಲ್ಲಿ ಪ್ಯಾರಿಸ್‌ನಲ್ಲಿ, ಎಲಿಯಾನ್ ಗ್ಲುಕ್‌ಮನ್ ಅನ್ನೋ ಡಾಕ್ಟರ್, ಫ್ಯಾಂಕೋನಿ ಅನೀಮಿಯಾ ಅನ್ನೋ ಹುಟ್ಟಿನಿಂದ ಬರೋ ರಕ್ತದ ಕಾಯಿಲೆ ಇದ್ದ ಒಬ್ಬ ಹುಡುಗನಿಗೆ, ತಂಗಿ ಹುಟ್ಟಿದಾಗ ತೆಗೆದಿಟ್ಟ ರಕ್ತದಿಂದ. ಈ ರಕ್ತದ್ದು ಒಂದು ದೊಡ್ಡ ಗುಣ, ಟಿಶ್ಯೂ ಮ್ಯಾಚಿಂಗ್, ಅಂದ್ರೆ ದಾನಿ ಮತ್ತು ಪೇಶೆಂಟ್ ಸೆಲ್‌ಗಳ ಗುರುತು ಹೊಂದೋದು, ಸ್ವಲ್ಪ ಹೆಚ್ಚುಕಮ್ಮಿ ಇದ್ರೂ ನಡೆಯತ್ತೆ. ಒಂದು ದೊಡ್ಡ ಅವಗುಣ, ಪ್ರಮಾಣ ಕಮ್ಮಿ. ಒಂದು ಮಗುವಿನ ಬಳ್ಳಿಯಲ್ಲಿ ಸಿಗೋದು ಒಂದು ಲೋಟದಷ್ಟೂ ಇರಲ್ಲ, ಅದರಲ್ಲಿರೋ ಸ್ಟೆಮ್ ಸೆಲ್ ಮಗುವಿಗೆ ಸಾಲತ್ತೆ, 70 ಕೆಜಿ ಮನುಷ್ಯನಿಗೆ ಸಾಲಲ್ಲ. ಸಾಲದೆ ಇದ್ರೆ ಏನಾಗತ್ತೆ? ಕೀಮೋ ಕೊಟ್ಟು ಹಳೇ ಮಜ್ಜೆ ಸುಟ್ಟಾಗಿದೆ, ಹೊಸದು ಇನ್ನೂ ಎದ್ದಿಲ್ಲ, ಮಧ್ಯೆ ಮೂರು ಮೂರೂವರೆ ವಾರ ಮೈಯಲ್ಲಿ ಬಿಳಿಕಣಾನೇ ಇಲ್ಲ. ಆ ದಿನಗಳಲ್ಲಿ ಬಾಯಿ ಹುಣ್ಣಿನ ಒಂದು ಬ್ಯಾಕ್ಟೀರಿಯಾ ಸಾಕು ಜೀವ ತೆಗೆಯೋಕೆ. ಮನೆಯವರು ದಿನಾ ಬೆಳಿಗ್ಗೆ ಕೌಂಟ್ ಎಷ್ಟು ಬಂತು ಅಂತ ಕೇಳ್ತಾ ಕೂತಿರ್ತಾರಲ್ಲ, ಆ ಕೌಂಟ್ ಇದೇ.

ಇಲ್ಲಿಗೆ ಲ್ಯಾಬ್‌ನಲ್ಲಿ ಬೆಳೆಸಿದ ಸೆಲ್ ಬಂತು. ಒಮಿಡುಬಿಸೆಲ್ ಅಂತ, ಒಂದು ಬಳ್ಳಿ ರಕ್ತದ ಸ್ಟೆಮ್ ಸೆಲ್‌ಗಳನ್ನ ನಿಕೋಟಿನಮೈಡ್ ಜೊತೆ, ಅಂದ್ರೆ ಬಿ3 ವಿಟಮಿನ್‌ನ ಒಂದು ರೂಪದ ಜೊತೆ ಮೂರು ವಾರ ಬೆಳೆಸಿ ಕೊಡೋದು. ಟ್ರಯಲ್‌ನಲ್ಲಿ 125 ಪೇಶೆಂಟ್‌ಗಳು, ಬೆಳೆಸಿದ ಸೆಲ್ ಸಿಕ್ಕವರಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿಕಣ ವಾಪಸ್ ಬರೋಕೆ 12 ದಿನ, ಮಾಮೂಲಿ ಬಳ್ಳಿ ರಕ್ತ ಸಿಕ್ಕವರಲ್ಲಿ 22 ದಿನ. ಹತ್ತು ದಿನ ಏನು ಮಹಾ ಅನ್ನಿಸಬಹುದು, ಆ ಐಸೊಲೇಷನ್ ರೂಮಿನ ಗಾಜಿನ ಈ ಕಡೆ ನಿಂತವರನ್ನ ಕೇಳಿ. 2023ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಡ್ತು, ರಕ್ತದ ಕ್ಯಾನ್ಸರ್ ಇರೋ 12 ವರ್ಷ ಮೇಲ್ಪಟ್ಟವರಿಗೆ. ಯುಎಂ171ರಲ್ಲಿ ಬೆಳೆಸಿದ ಸೆಲ್‌ಗಳಿಗೂ 2025ರಲ್ಲಿ ಯುರೋಪ್‌ನಲ್ಲಿ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿದೆ. ಮೊದಲ ಸಂಶೋಧನೆಯಿಂದ ಅಲ್ಲಿಗೆ 11 ವರ್ಷ, ಈ ಲೈನ್‌ನಲ್ಲಿ ಇದು ಬೇಗಾನೇ.

ಪ್ರಶ್ನೆ: ನನ್ನ ತಮ್ಮನಿಗೆ ಲ್ಯುಕೇಮಿಯಾ. ನನ್ನದು ಮ್ಯಾಚ್ ಆಗ್ಲಿಲ್ಲ, ಅಕ್ಕಂದೂ ಆಗ್ಲಿಲ್ಲ. ಲ್ಯಾಬ್ ಸೆಲ್ ಬರೋವರೆಗೆ ಕಾಯಬಹುದಾ?

ಉತ್ತರ: ಕಾಯಬೇಡಿ. ಲ್ಯುಕೇಮಿಯಾ ಯಾರಿಗೂ ಕಾಯಲ್ಲ.

ಮ್ಯಾಚ್ ಆಗದೆ ಇದ್ದದ್ದು ನಿಮ್ಮ ತಪ್ಪಲ್ಲ ಅಂತ ಮೊದಲು ಹೇಳ್ತೀನಿ, ನಿಮ್ಮ ಪತ್ರದ ಧಾಟಿ ನೋಡಿ ಇದನ್ನ ಹೇಳ್ಬೇಕು ಅನ್ನಿಸ್ತು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದ್ದೂ ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು, ಇಬ್ಬರದ್ದೂ ಆಗದೆ ಇರೋದು ಮಾಮೂಲಿ. ಮೊದಲಾಗಿದ್ರೆ ಇಲ್ಲಿಗೆ ಬಾಗಿಲು ಅರ್ಧ ಮುಚ್ಚಿದ ಹಾಗೆ. ಈಗ ಹಾಗಿಲ್ಲ, ಅರ್ಧ ಮ್ಯಾಚ್ ಆದ್ರೂ ಕಸಿ ಮಾಡ್ತಾರೆ, ಹ್ಯಾಪ್ಲೋ ಅಂತಾರೆ ಅದಕ್ಕೆ. ಅಪ್ಪ ಅಮ್ಮ ಇಬ್ಬರೂ ಮಕ್ಕಳಿಗೆ ಯಾವತ್ತೂ ಅರ್ಧ ಮ್ಯಾಚೇ, ಒಡಹುಟ್ಟಿದವರಲ್ಲೂ ಅರ್ಧ ಮ್ಯಾಚ್ ಆಗೋದು ಎರಡರಲ್ಲಿ ಒಂದು ಛಾನ್ಸ್. ಕಸಿ ಆದ ಮೂರನೇ ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಅನ್ನೋ ಹಳೇ ಔಷಧಿ ಕೊಟ್ರೆ ದಾನಿಯ ಸೆಲ್‌ಗಳು ಪೇಶೆಂಟ್ ಮೈ ಮೇಲೇ ಏರಿ ಹೋಗೋದು ಬಹಳ ಕಮ್ಮಿಯಾಗತ್ತೆ, ವಿಶೇಷ ಏನಂದ್ರೆ ಸ್ಟೆಮ್ ಸೆಲ್‌ಗೆ ಆ ಔಷಧಿಯಿಂದ ತಪ್ಪಿಸ್ಕೊಳ್ಳೋ ಎನ್‌ಜೈಮ್ ಇದೆ, ದಾಳಿ ಮಾಡೋ ಸೆಲ್‌ಗಳಿಗೆ ಅದು ಅಷ್ಟಿಲ್ಲ. ಜೊತೆಗೆ ದಾನಿಗಳ ರಿಜಿಸ್ಟ್ರಿನಲ್ಲೂ ಹುಡುಕಿಸಿ, ಬಳ್ಳಿ ರಕ್ತದ ಬಗ್ಗೆನೂ ಕೇಳಿ. "ಹ್ಯಾಪ್ಲೋ ಆಗತ್ತಾ" ಅಂತ ನಾಳೆನೇ ನಿಮ್ಮ ಡಾಕ್ಟರ್‌ನ ಕೇಳಿ, ಮುಂದಿನ ವಿಸಿಟ್‌ವರೆಗೂ ಇಟ್ಕೋಬೇಡಿ.

ಪ್ರಶ್ನೆ: ದಾನಿನೇ ಬೇಡ, ನನ್ನ ಚರ್ಮದಿಂದಲೇ ನನ್ನ ರಕ್ತದ ಸ್ಟೆಮ್ ಸೆಲ್ ಮಾಡಬಹುದು ಅಂತ ಎಲ್ಲೋ ಓದಿದೆ. ನಿಜಾನಾ, ಹೈಪಾ?

ಉತ್ತರ: ನಿಜ, ಆದ್ರೆ ನಿಮ್ಮ ಮೈಗೆ ಬರೋಕೆ ಇನ್ನೂ ದಾರಿ ಇದೆ. 2006ರಲ್ಲಿ ಶಿನ್ಯಾ ಯಮನಾಕ ಇಲಿಯಲ್ಲಿ, 2007ರಲ್ಲಿ ಮನುಷ್ಯರಲ್ಲಿ, ಚರ್ಮದ ಸೆಲ್‌ಗೆ ನಾಲ್ಕು ಜೀನ್ ಹಾಕಿ ಅದನ್ನ ಭ್ರೂಣದ ಸೆಲ್ ಥರ ಮಾಡಿ ತೋರಿಸಿದ್ರು, ಅದಕ್ಕೆ 2012ರಲ್ಲಿ ಜಾನ್ ಗರ್ಡನ್ ಜೊತೆ ನೊಬೆಲ್ ಬಂತು. ಹಾಗೆ ಬದಲಾಯಿಸಿದ ಸೆಲ್‌ನ ಐಪಿಎಸ್ ಸೆಲ್ ಅಂತ ಕರೀತಾರೆ. ಅದರಿಂದ ಹೃದಯದ ಸೆಲ್ ಮಾಡಿದ್ರು, ನರದ ಸೆಲ್ ಮಾಡಿದ್ರು, ಕಣ್ಣಿನ ರೆಟಿನಾ ಸೆಲ್ ಮಾಡಿದ್ರು. ರಕ್ತಾನೂ ಬಂತು. ಬರ್ಲಿಲ್ಲ ಅಂದಿದ್ದು ಒಂದೇ, ಮೈಯಲ್ಲಿ ಹೋಗಿ ಕೂತು ವರ್ಷಗಟ್ಟಲೆ ದುಡಿಯೋ ಆ ಅಜ್ಜಿ ಸೆಲ್.

ಕಾರಣ ಭ್ರೂಣದಲ್ಲಿದೆ, ಇದು ನಂಗೆ ಎಷ್ಟು ಸಲ ಹೇಳಿದ್ರೂ ಬೇಜಾರಾಗದ ಭಾಗ. ಭ್ರೂಣದಲ್ಲಿ ರಕ್ತ ಒಂದೇ ಸಲ ಹುಟ್ಟಲ್ಲ, ಅಲೆ ಅಲೆಯಾಗಿ ಹುಟ್ಟತ್ತೆ. ಮೊದಲನೇ ಅಲೆ ತಾತ್ಕಾಲಿಕ, ಆಗಿನ ಆಕ್ಸಿಜನ್ ಹೊರೋಕೆ ಅಷ್ಟೇ, ಅದರಲ್ಲಿ ಸ್ಟೆಮ್ ಸೆಲ್ ಇಲ್ಲ. ನಾಲ್ಕೈದು ವಾರ ಆಗ್ತಿದ್ದ ಹಾಗೆ ಭ್ರೂಣದ ಮುಖ್ಯ ರಕ್ತನಾಳ, ಮಹಾಪಧಮನಿ ಅಂತೀವಲ್ಲ, ಅದರ ಒಳಗೋಡೆಯಲ್ಲಿ ಚಪ್ಪಟೆಯಾಗಿ ಅಂಟಿಕೊಂಡಿರೋ ಕೆಲವೇ ಸೆಲ್‌ಗಳು ಇದ್ದಕ್ಕಿದ್ದ ಹಾಗೆ ಬಗ್ಗಿ, ಉಬ್ಬಿ, ದುಂಡಗಾಗಿ ಗೋಡೆ ಬಿಟ್ಟು ರಕ್ತದ ಹರಿವಿಗೆ ಧುಮುಕ್ತಾವೆ. ಗೋಡೆಯ ಇಟ್ಟಿಗೆ ಎದ್ದು ಮೀನಾಗಿ ಈಜಿದ ಹಾಗೆ! ಅವೇ ಮೊದಲ ಅಸಲಿ ಸ್ಟೆಮ್ ಸೆಲ್‌ಗಳು. ಅಲ್ಲಿಂದ ಲಿವರ್‌ಗೆ ಹೋಗಿ ಸಂಖ್ಯೆ ಹೆಚ್ಚಿಸ್ಕೊಂಡು, ಹುಟ್ಟೋ ಹೊತ್ತಿಗೆ ಮೂಳೆಯೊಳಗೆ ಸೇರ್ಕೊಳ್ತಾವೆ. ಲ್ಯಾಬ್‌ನಲ್ಲಿ ಬರ್ತಾ ಇದ್ದದ್ದು ಬಹುಪಾಲು ಆ ಮೊದಲ ತಾತ್ಕಾಲಿಕ ಅಲೆ ಥರದ ರಕ್ತ. ಅಸಲಿ ಸ್ಟೆಮ್ ಸೆಲ್ ಬರೋ ಅಲೆಗೆ ಯಾವ ದಿನ ಯಾವ ಸಿಗ್ನಲ್ ಎಷ್ಟು ಅಂತ ಸರಿಯಾಗಿ ಹೇಳದೆ ಇದ್ರೆ ಅದು ಬರೋದೇ ಇಲ್ಲ.

2017ರಲ್ಲಿ ಬೋಸ್ಟನ್‌ನ ಜಾರ್ಜ್ ಡೇಲಿ ತಂಡ ಏಳು ಜೀನ್ ಬಲವಂತವಾಗಿ ಆನ್ ಮಾಡಿ ಹತ್ತಿರ ಬಂತು. ಆದ್ರೆ ಹಾಗೆ ಹೊರಗಿಂದ ಜೀನ್ ತುರುಕಿದ ಸೆಲ್ ಪೇಶೆಂಟ್‌ಗೆ ಹಾಕೋಕೆ ಯಾರಿಗೂ ಧೈರ್ಯ ಬರಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್‌ನ ಮರ್ಡಾಕ್ ಚಿಲ್ಡ್ರನ್ಸ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನ ಎಲಿಜಬೆತ್ ಇಂಗ್, ಎಡ್ ಸ್ಟ್ಯಾನ್ಲಿ, ಆಂಡ್ರ್ಯೂ ಎಲೆಫಾಂಟಿ ಇವರು ಯಾವ ಜೀನೂ ತುರುಕದೆ, ಬರೀ ಸಿಗ್ನಲ್‌ಗಳನ್ನ ದಿನಾ ಹೊಂದಿಸಿ, ವಿಟಮಿನ್ ಎ ಸಂಬಂಧದ ಪದಾರ್ಥ ಸರಿಯಾದ ಹೊತ್ತಿಗೆ ಕೊಟ್ಟು ಮಾಡಿ ತೋರಿಸಿದ್ರು. ಆ ಸೆಲ್‌ಗಳನ್ನ ಫ್ರೀಜ್ ಮಾಡಿ, ಕರಗಿಸಿ, ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಿಗೆ ಹಾಕಿದಾಗ ಕಾಲು ಭಾಗದಿಂದ ಅರ್ಧದಷ್ಟು ಇಲಿಗಳಲ್ಲಿ ಮನುಷ್ಯರ ಎಲ್ಲಾ ಥರದ ರಕ್ತ ಬಂದು ತಿಂಗಳುಗಟ್ಟಲೆ ಉಳೀತು. ಇಲಿ ಮಜ್ಜೆಯ ಆ ಖಾಲಿ ಸ್ಕ್ರೀನ್ ನೋಡಿದ್ದ ನನಗೆ ಈ ಪೇಪರ್‌ನ ಚಿತ್ರಗಳನ್ನ ನೋಡಿ ಹೊಟ್ಟೆಕಿಚ್ಚೂ ಖುಷಿನೂ ಒಟ್ಟಿಗೆ ಆಯ್ತು.

ಇನ್ನೂ ಬಾಕಿ ಏನು ಅಂದ್ರೆ, ಅರ್ಧದಿಂದ ಮುಕ್ಕಾಲು ಭಾಗ ಇಲಿಗಳಲ್ಲಿ ಆಗಿಲ್ಲ ಅನ್ನೋದು ಚಿಕ್ಕ ಮಾತಲ್ಲ, ಪೇಶೆಂಟ್‌ಗೆ "ಅರ್ಧ ಛಾನ್ಸ್" ಅಂತ ಹೇಳಿ ಮಜ್ಜೆ ಸುಡೋಕಾಗಲ್ಲ. ಐಪಿಎಸ್ ಸೆಲ್ ಒಂದೆರಡು ಬದಲಾಗದೆ ಹಾಗೇ ಉಳ್ಕೊಂಡು ಮೈ ಸೇರಿದ್ರೆ ಗಡ್ಡೆ ಆಗಬಹುದು. ತಟ್ಟೆಯಲ್ಲಿ ಬಹಳ ಸಲ ಒಡೆದ ಸೆಲ್‌ನಲ್ಲಿ ಡಿಎನ್‌ಎ ತಪ್ಪುಗಳು ಸೇರ್ಕೊಳ್ತಾವೆ, ಅದೂ ನೋಡ್ಬೇಕು. ಹೈಪ್ ಅಲ್ಲ, ಹಾಗಂತ ಮುಂದಿನ ವರ್ಷಾನೂ ಅಲ್ಲ.

ಪ್ರಶ್ನೆ: ಥಲಸ್ಸೀಮಿಯಾಗೆ ಜೀನ್ ಎಡಿಟಿಂಗ್ ಬಂದಿದೆಯಂತಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ನೇರ ಸಂಬಂಧ. ಕ್ಯಾಸ್ಗೆವಿ ಅಂತ ಹೆಸರು, 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಗೆ ಒಪ್ಪಿಗೆ ಕೊಟ್ವು, ಥಲಸ್ಸೀಮಿಯಾಗೂ ಇದೆ. ಪೇಶೆಂಟ್‌ದೇ ಸ್ಟೆಮ್ ಸೆಲ್ ಹೊರಗೆ ತೆಗೆದು, ಹುಟ್ಟೋಕೆ ಮೊದಲು ಕೆಲಸ ಮಾಡ್ತಿದ್ದ ಶಿಶು ಹಿಮೋಗ್ಲೋಬಿನ್‌ನ ಮೇಲೆ ಬಿದ್ದಿರೋ ಬೀಗಾನ ಕ್ರಿಸ್ಪರ್ ಅನ್ನೋ ಜೀನ್ ಕತ್ತರಿಯಿಂದ ಕತ್ತರಿಸಿ, ವಾಪಸ್ ಹಾಕೋದು. ಇಲ್ಲೂ ಅದೇ ಹಳೇ ಗೋಳು, ಹೊರಗಿದ್ದಷ್ಟು ಹೊತ್ತೂ ಸೆಲ್ ತನ್ನ ಸ್ವಭಾವ ಕಳ್ಕೊಳ್ತಾ ಹೋಗತ್ತೆ, ಎಡಿಟ್ ಮಾಡೋವಾಗ ಒಂದಿಷ್ಟು ಸಾಯತ್ತೆ, ಅದಕ್ಕೇ ಶುರುವಿನಲ್ಲೇ ರಾಶಿ ಸೆಲ್ ಬೇಕು, ಒಂದು ಸಲ ತೆಗೆದದ್ದು ಸಾಲದೆ ಪೇಶೆಂಟ್‌ನ ಮತ್ತೆ ಮತ್ತೆ ರಕ್ತದಿಂದ ಸೆಲ್ ಬೇರೆ ಮಾಡೋ ಮೆಷಿನ್‌ಗೆ ಕೂರಿಸ್ತಾರೆ. ಸೆಲ್‌ಗಳನ್ನ ನಂಬಿಕೆಯಿಂದ ಬೆಳೆಸೋಕೆ ಬಂದ್ರೆ ಸ್ವಲ್ಪ ತೆಗೆದು, ಎಡಿಟ್ ಮಾಡಿ, ಸರಿಯಾಗಿ ಆಗಿರೋದನ್ನ ಪರೀಕ್ಷೆ ಮಾಡಿ, ಅವನ್ನೇ ಹೆಚ್ಚಿಸಿ ಕೊಡಬಹುದು. ಕೀಮೋ ಮಾತ್ರ ಆಗಲೂ ತಪ್ಪಲ್ಲ, ಹೊಸ ಸೆಲ್ ಕೂರೋಕೆ ಜಾಗ ಖಾಲಿ ಆಗ್ಬೇಕಲ್ಲ, ಮಕ್ಕಳಾಗೋ ಶಕ್ತಿಗೆ ಅದರಿಂದ ಹೊಡೆತ ಬೀಳಬಹುದು, ಇದನ್ನ ಮೊದಲೇ ಕೇಳಿ ತಿಳ್ಕೊಳ್ಳಿ.

ಪ್ರಶ್ನೆ: ಮಗು ಹುಟ್ಟಿದಾಗ ಬಳ್ಳಿ ರಕ್ತ ಖಾಸಗಿ ಬ್ಯಾಂಕಲ್ಲಿ ಇಡ್ಬೇಕಾ? ಮುಂದೆ ಅದನ್ನೇ ಲ್ಯಾಬ್‌ನಲ್ಲಿ ಬೆಳೆಸಿ ಕೊಡಬಹುದು ಅಂತ ಹೇಳ್ತಿದಾರೆ.

ಉತ್ತರ: ಮನೆಯಲ್ಲಿ ಕಸಿ ಬೇಕಾಗಿರೋ ಇನ್ನೊಂದು ಮಗು ಇದ್ರೆ ಸರಿ, ಇಲ್ದಿದ್ರೆ ನಾನಾದ್ರೆ ಇಡಲ್ಲ. ಮಗುವಿಗೆ ಥಲಸ್ಸೀಮಿಯಾ ಥರ ಜೀನ್ ಕಾಯಿಲೆ ಬಂದ್ರೆ ಅದೇ ಜೀನ್ ಆ ಬಳ್ಳಿ ರಕ್ತದಲ್ಲೂ ಇರತ್ತೆ. ಲ್ಯುಕೇಮಿಯಾ ಬಂದ್ರೆ ಅದರ ಮೊದಲ ತಪ್ಪು ಎಷ್ಟೋ ಸಲ ಹುಟ್ಟೋಕೆ ಮೊದಲೇ ಆಗಿರತ್ತೆ, ಆಗ ಯಾವ ಡಾಕ್ಟರೂ ಅದನ್ನ ವಾಪಸ್ ಹಾಕಲ್ಲ. ಸಾರ್ವಜನಿಕ ಬ್ಯಾಂಕಿಗೆ ದಾನ ಮಾಡೋದು ಬೇರೆ, ಅದು ಬೇರೆ ಯಾರಿಗೋ ನಿಜವಾಗಿ ಉಪಯೋಗಕ್ಕೆ ಬರತ್ತೆ.

ಪ್ರಶ್ನೆ: ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಮಂಡಿ ನೋವು, ಸಕ್ಕರೆ ಕಾಯಿಲೆ, ಕೂದಲು ಉದುರೋದು ಎಲ್ಲಾ ಹೋಗತ್ತೆ ಅಂತ ಒಂದು ಕ್ಲಿನಿಕ್‌ನವರು ಹೇಳ್ತಾರೆ.

ಉತ್ತರ: ರಕ್ತದ ಸ್ಟೆಮ್ ಸೆಲ್‌ನಿಂದ ರಕ್ತ ಮತ್ತು ರೋಗನಿರೋಧಕ ಸೆಲ್ ಬರತ್ತೆ, ಕೂದಲು ಬರಲ್ಲ. ಒಂದೇ ಸೂಜಿಗೆ ಮೂರು ಕಾಯಿಲೆ ಅಂದ ಕೂಡ್ಲೇ ಎದ್ದು ಬನ್ನಿ.

ಪ್ರಶ್ನೆ: ಲ್ಯಾಬ್ ರಕ್ತ ಬಂದ್ರೆ ರಕ್ತದಾನ ನಿಲ್ಲತ್ತಾ?

ಉತ್ತರ: ನಿಲ್ಲಲ್ಲ, ನೀವು ಕೊಡ್ತಾ ಇರಿ. ಬ್ರಿಟನ್‌ನಲ್ಲಿ 2022ರಲ್ಲಿ ರಿಸ್ಟೋರ್ ಅನ್ನೋ ಟ್ರಯಲ್‌ನಲ್ಲಿ ದಾನಿಗಳ ಸ್ಟೆಮ್ ಸೆಲ್‌ನಿಂದ ಲ್ಯಾಬ್‌ನಲ್ಲಿ ಬೆಳೆಸಿದ ಕೆಂಪು ಕಣಗಳನ್ನ ಮೊದಲ ಸಲ ಬೇರೆಯವರ ಮೈಗೆ ಕೊಟ್ಟು ನೋಡಿದ್ರು. ಎಷ್ಟು? ಒಂದೆರಡು ಟೀ ಚಮಚದಷ್ಟು. ಒಂದು ಮಾಮೂಲಿ ರಕ್ತದ ಚೀಲದಲ್ಲಿ ಸುಮಾರು 2 ಲಕ್ಷ ಕೋಟಿ ಕೆಂಪು ಕಣ ಇರತ್ತೆ, ಅಷ್ಟನ್ನ ಬೆಳೆಸೋಕೆ ಬೇಕಾದ ಮೀಡಿಯಾ, ಜಾಗ ನೆನೆಸ್ಕೊಂಡ್ರೇನೇ ಸುಸ್ತಾಗತ್ತೆ. ಮ್ಯಾಚ್ ರಕ್ತ ಸಿಗೋದೇ ಅಪರೂಪ ಅನ್ನೋವ್ರಿಗೆ ಮೊದಲು ಬರಬಹುದು.

ಪ್ರಶ್ನೆ: ಕಸಿ ಅಂದ್ರೆ ಆಪರೇಷನ್ ಮಾಡಿ ಮೂಳೆ ಒಳಗೆ ಸೆಲ್ ಇಡ್ತಾರಾ? ಕೇಳೋಕೆ ನಾಚಿಕೆ, ಆದ್ರೂ ಕೇಳ್ತಿದೀನಿ.

ಉತ್ತರ: ನಾಚಿಕೆ ಯಾಕೆ, ಮುಕ್ಕಾಲು ಜನ ಹಾಗೇ ಅಂದ್ಕೊಂಡಿರ್ತಾರೆ. ಆಪರೇಷನ್ ಇಲ್ಲ. ಫ್ರೀಜ್ ಮಾಡಿಟ್ಟ ಚಪ್ಪಟೆ ಚೀಲ ತರ್ತಾರೆ, ಬೆಚ್ಚಗಿನ ನೀರಲ್ಲಿ ಕರಗಿಸ್ತಾರೆ, ಡ್ರಿಪ್ ಹಾಕೋ ಹಾಗೇ ರಕ್ತನಾಳಕ್ಕೆ ಬಿಡ್ತಾರೆ. ತೆಳು ಕೆಂಪು ನೀರು, ಅಷ್ಟೇ ಕಾಣ್ಸೋದು. ಫ್ರೀಜ್ ಮಾಡುವಾಗ ಸೆಲ್ ಒಡೀಬಾರ್ದು ಅಂತ ಡಿಎಂಎಸ್‌ಒ ಅನ್ನೋ ದ್ರವ ಹಾಕಿರ್ತಾರೆ, ಅದು ಪೇಶೆಂಟ್ ಉಸಿರಲ್ಲಿ ಹೊರಗೆ ಬಂದು ರೂಮೆಲ್ಲ ಬೆಳ್ಳುಳ್ಳಿ ಥರ ವಾಸನೆ, ಒಂದೆರಡು ದಿನ ಇರತ್ತೆ. ಇಷ್ಟೆಲ್ಲ ತಯಾರಿ ಮಾಡ್ಕೊಂಡು ಬಂದ ಮನೆಯವರು ಚೀಲ ಖಾಲಿಯಾದಾಗ "ಇಷ್ಟೇನಾ?" ಅಂತಾರೆ. ರಕ್ತಕ್ಕೆ ಬಿದ್ದ ಸೆಲ್‌ಗಳು ಮೂಳೆ ದಾರಿ ತಾವೇ ಹುಡುಕ್ಕೊಳ್ತಾವೆ, ಮಜ್ಜೆಯ ಗೂಡು ಬಿಡೋ ಒಂದು ರಾಸಾಯನಿಕ ಸಿಗ್ನಲ್ ಹಿಡ್ಕೊಂಡು. ಲ್ಯಾಬ್‌ನಲ್ಲಿ ಕೆಟ್ಟದಾಗಿ ಬೆಳೆಸಿದ ಸೆಲ್ ಎಷ್ಟೋ ಸಲ ಈ ದಾರಿ ಹುಡುಕೋದನ್ನೂ ಮರೆತಿರತ್ತೆ.

ಪ್ರಶ್ನೆ: ನಾನು ಏಳನೇ ಕ್ಲಾಸು. ಸ್ಟೆಮ್ ಸೆಲ್ ನೋಡೋಕೆ ಹೇಗಿರತ್ತೆ?

ಉತ್ತರ: ಸಣ್ಣದಾಗಿ ದುಂಡಗೆ, ಒಳಗೆ ಬಹುಪಾಲು ನ್ಯೂಕ್ಲಿಯಸ್ಸೇ ತುಂಬ್ಕೊಂಡು, ರಕ್ತದಲ್ಲಿರೋ ಲಿಂಫೋಸೈಟ್ ಅನ್ನೋ ಬಿಳಿಕಣದ ಥರಾನೇ. ಎರಡನ್ನೂ ಪಕ್ಕಪಕ್ಕ ಇಟ್ರೆ ನಂಗೂ ಯಾವುದು ಯಾವುದು ಅಂತ ಹೇಳೋಕೆ ಬರಲ್ಲ ಪುಟ್ಟಾ. ನಾಲ್ಕು ತಿಂಗಳು ಕಾದು ಇಲಿನ ಕೇಳಬೇಕು.